ಕೂಸಿನ ಮೊದಲ ವರುಷವೂ ದಾದಿಯ ಕಾಯಕವೂ

(ಮಹೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)

ನನಗೆ ಅಪ್ಪಣೆಯಾಗಿರುವ ವಿಷಯವನ್ನು ನಿಮ್ಮೆದುರಿಗಿಡಲು ನಿಂತಿರುವೆನು. ಈ ಮೂರು ದಿನಗಳಿಂದ ಇದೇ ವೇದಿಕೆಯ ಮೇಲೆ ಶಾಸ್ತ್ರವನ್ನು ಬಲ್ಲ ಪಂಡಿತರು ಮಾತನಾಡಿರುವರು. ನಾನಾದರೋ ಮೂವತ್ತನಾಲ್ಕು ವರುಷ ಸೂಜಿಯನ್ನೂ ತಕ್ಕಡಿಯನ್ನೂ ಹಿಡಿದು ಹಳ್ಳಿಯಿಂದ ಹಳ್ಳಿಗೆ ತಿರುಗಿದ ದಾದಿ. ಆದಕಾರಣ ನನ್ನ ಮಾತಿನಲ್ಲಿ ಪಾಂಡಿತ್ಯವನ್ನು ಹುಡುಕದೆ, ಒಬ್ಬ ಹೆಂಗಸು ಮನೆಮನೆಯ ತೊಟ್ಟಿಲಿನ ಬಳಿ ಕಂಡುದನ್ನು ಹೇಳುತ್ತಿರುವಳೆಂದು ಭಾವಿಸಿ ಆಲಿಸಬೇಕೆಂದು ಬಿನ್ನಹ.

ಹೇಳತಕ್ಕ ವಿಷಯವು ಬೆಳವಣಿಗೆಯಲ್ಲಿ ಹಿಂದುಳಿದ ಎಳೆಗೂಸುಗಳಿಗೆ ಸಕಾಲದಲ್ಲಿ ಮಾಡಬೇಕಾದ ಉಪಚಾರವು ಮತ್ತು ಅದರಲ್ಲಿ ದಾದಿಯು ಮಾಡಬಹುದಾದ ಕೆಲಸವು. ಬೆಳವಣಿಗೆ ಎಂದೊಡನೆ ನಮ್ಮ ಜನರಿಗೆ ನೆನಪಾಗುವುದು ತೂಕ. ಕೂಸು ಗುಂಡಗಿದ್ದರೆ ಸಂತೋಷ, ಸೊರಗಿದ್ದರೆ ಚಿಂತೆ. ತೂಕವನ್ನು ತಕ್ಕಡಿ ಹೇಳಿಬಿಡುವುದು. ಆದರೆ ಕೂಸು ತಾಯಿಯ ಮುಖ ನೋಡಿ ನಗುವುದು, ಕತ್ತನ್ನು ನಿಲ್ಲಿಸುವುದು, ಬೋರಲು ಬೀಳುವುದು, ಸದ್ದು ಬಂದತ್ತ ತಿರುಗುವುದು, ಕೈಚಾಚಿ ಹಿಡಿಯುವುದು, ಕೂರುವುದು, ತೊದಲುವುದು, ಇವು ಯಾವ ತಕ್ಕಡಿಗೂ ಸಿಕ್ಕತಕ್ಕವಲ್ಲ. ಇವನ್ನು ಕಣ್ಣಿನಿಂದಲೇ ತೂಗಬೇಕು. ಎರಡು ತಿಂಗಳಿಗೆ ನಗು, ನಾಲ್ಕಕ್ಕೆ ಕತ್ತು, ಎಂಟಕ್ಕೆ ಕೂರುವಿಕೆ, ಹನ್ನೆರಡಕ್ಕೆ ನಿಲ್ಲುವಿಕೆ ಎಂದು ದಾದಿಯರಿಗೆ ಬಾಯಿಪಾಠ ಮಾಡಿಸುವುದುಂಟು. ಒಂದು ಕೂಸು ಹತ್ತು ದಿನ ಮುಂದಾಗಿಯೂ ಇನ್ನೊಂದು ಹದಿನೈದು ದಿನ ಹಿಂದಾಗಿಯೂ ಬಂದರೆ ಅದು ಬೇನೆಯಲ್ಲ. ಎರಡು ತಿಂಗಳು ಮೊದಲೇ ಹುಟ್ಟಿದ ಕೂಸಿನ ವಯಸ್ಸಿನಿಂದ ಆ ಎರಡು ತಿಂಗಳನ್ನು ಕಳೆದು ನೋಡಬೇಕು. ಇಷ್ಟು ರಿಯಾಯಿತಿಯನ್ನೆಲ್ಲ ಕೊಟ್ಟ ಮೇಲೂ ಹಿಂದುಳಿದಿರುವ ಕೂಸುಗಳ ಮಾತನ್ನೇ ನಾನಿಂದು ಆಡುತ್ತಿರುವುದು.

ಅಂತಹ ಮಕ್ಕಳು ಊರಿಗೊಬ್ಬರು ಎಂದು ತಿಳಿಯಬಾರದು. ನಮ್ಮ ದೇಶದ ಐದು ಕಡೆಗಳಲ್ಲಿ ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಎರಡರಿಂದ ಆರು ವರುಷದೊಳಗಿನ ಮಕ್ಕಳಲ್ಲಿ ನೂರಕ್ಕೆ ೯ಕ್ಕೆ ಮೇಲ್ಪಟ್ಟೂ, ಆರರಿಂದ ಒಂಬತ್ತು ವರುಷದವರಲ್ಲಿ ನೂರಕ್ಕೆ ೧೩ಕ್ಕೆ ಮೇಲ್ಪಟ್ಟೂ, ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಒಂದಲ್ಲ ಒಂದು ಕೊರತೆಯು ಕಂಡುಬಂದಿತು. ಕಿವುಡು, ಕುರುಡು, ಮೂರ್ಛೆರೋಗ, ಮಾತಿನ ತೊಡಕು ಎಲ್ಲವೂ ಇದರಲ್ಲಿ ಸೇರಿವೆ.

ನನ್ನ ಚಾಕರಿಯ ಹನ್ನೊಂದನೆಯ ವರುಷದಲ್ಲಿ ನಡೆದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುವೆನು. ಅದನ್ನು ಹೇಳದೆ ಮಿಕ್ಕುದನ್ನು ಹೇಳುವ ಅಧಿಕಾರ ನನಗಿಲ್ಲ. ಅಂದು ಲಸಿಕೆಯ ದಿನ. ಅಂಗನವಾಡಿಯ ಜಗುಲಿಯ ಮೇಲೆ ಮೂವತ್ತಕ್ಕೂ ಹೆಚ್ಚು ತಾಯಂದಿರು ಸಾಲಾಗಿ ಕುಳಿತಿದ್ದರು. ಹದಿನಾಲ್ಕು ವಾರದ ಹೆಣ್ಣುಕೂಸೊಂದನ್ನು ಮಡಿಲಲ್ಲಿಟ್ಟುಕೊಂಡ ತಾಯಿ, ಸೂಜಿ ಚುಚ್ಚಿಸಿಕೊಂಡಾದ ಮೇಲೂ ಏಳದೆ, ಮೆಲ್ಲಗೆ, "ಅಕ್ಕಾ, ಇದರ ಬಲಗೈ ಯಾವಾಗಲೂ ಮುಚ್ಚಿಯೇ ಇರುವುದು, ನೋಡಿರಿ" ಎಂದಳು. ನೋಡಿದೆನು. ಹೆಬ್ಬೆರಳು ಅಂಗೈಯೊಳಗೆ ಮಡಿಸಿತ್ತು. ಆ ಕೂಸು ಹುಟ್ಟಿದಾಗ ತಡವಾಗಿ ಅತ್ತಿತ್ತೆಂಬುದೂ ಚೀಟಿಯಲ್ಲಿ ಬರೆದಿತ್ತು. ಆದರೆ ಸಾಲು ಉದ್ದವಾಗಿತ್ತು. ಐಸಿನ ಪೆಟ್ಟಿಗೆ ಕರಗುತ್ತಿತ್ತು. "ಎಳೆಗೂಸುಗಳೆಲ್ಲ ಮುಷ್ಟಿ ಹಿಡಿಯುವುವು ತಾಯಿ, ಬೆಳೆಯುತ್ತ ಸರಿಹೋಗುವುದು" ಎಂದುಬಿಟ್ಟೆನು. ಅವಳು ನಂಬಿ ಎದ್ದುಹೋದಳು. ಅವಳನ್ನು ನಾನು ಮತ್ತೆ ಕಂಡುದು ಒಂಬತ್ತು ತಿಂಗಳಿನ ದಡಾರದ ಲಸಿಕೆಗೆ ಬಂದಾಗ. ಕೂಸು ಎಡಗೈಯಿಂದ ಬಲು ಚುರುಕಾಗಿ ನನ್ನ ಬಳೆಯನ್ನು ಹಿಡಿಯಿತು, ಬಲಗೈ ಎದೆಗಂಟಿಕೊಂಡಿತ್ತು. ತಾಯಿ ನನ್ನನ್ನು ಬೈಯಲಿಲ್ಲ. "ಅಂದೇ ಹೇಳಿದ್ದೆನಲ್ಲಕ್ಕಾ" ಎಂದಷ್ಟೇ ಅಂದಳು.

ಸಾಮಾನ್ಯವಾಗಿ ಕೂಸಿನ ಮುಷ್ಟಿ ಮೂರು ತಿಂಗಳ ಹೊತ್ತಿಗೆ ಬಿಚ್ಚಿಕೊಳ್ಳುವುದು. ವರುಷ ತುಂಬುವ ಮೊದಲೇ ಕೂಸು ಒಂದೇ ಕೈಯನ್ನು ಬಳಸತೊಡಗಿದರೆ, "ನಮ್ಮದು ಎಡಚ" ಎಂದು ಮನೆಯವರು ನಗುವುದುಂಟು, ದಾದಿ ನಗಬಾರದು. ಆ ವಯಸ್ಸಿನಲ್ಲಿ ಎಡಬಲಗಳ ಭೇದವಿರತಕ್ಕದ್ದಲ್ಲ. ಇದ್ದರೆ ಇನ್ನೊಂದು ಕೈಗೆ ಏನೋ ಆಗಿದೆ ಎಂದರ್ಥ. ಇದೆಲ್ಲ ನನಗೆ ಅಂದೂ ಗೊತ್ತಿತ್ತು. ನಾನು ಅರಿಯದವಳಾಗಿರಲಿಲ್ಲ, ಅವಸರದವಳಾಗಿದ್ದೆನು. ಆ ಕೂಸಿನ ವಿಷಯಕ್ಕೆ ಮತ್ತೆ ಬರುವೆನು.

ಈ ಸಂಗತಿಯ ಮೇಲೆ ಬಹುಕಾಲ ಯೋಚಿಸಿದ ನನಗೆ ಒಂದು ಮಾತು ಹೊಳೆಯಿತು. ಲಸಿಕೆಗಾಗಿ ಕೂಸು ನಮ್ಮ ಮುಂದೆ ಬರುವುದು ಆರು ವಾರಕ್ಕೆ, ಹತ್ತು ವಾರಕ್ಕೆ, ಹದಿನಾಲ್ಕು ವಾರಕ್ಕೆ. ಅನಂತರ ಒಂಬತ್ತು ತಿಂಗಳಿಗೆ. ಹದಿನಾಲ್ಕು ವಾರಕ್ಕೂ ಒಂಬತ್ತು ತಿಂಗಳಿಗೂ ನಡುವೆ ಐದು ತಿಂಗಳಿಗೂ ಮಿಕ್ಕ ಒಂದು ಬಯಲು. ಜ್ವರ ಕೆಮ್ಮುಗಳಿಲ್ಲದಿದ್ದರೆ ಆ ಬಯಲಿನಲ್ಲಿ ಕೂಸನ್ನು ನೋಡುವ ಕಣ್ಣು ಮನೆಯವರದೇ ಹೊರತು ಬೇರೆಯದಿಲ್ಲ. ಕತ್ತು ನಿಲ್ಲಬೇಕಾದುದು, ಕೈ ತೆರೆಯಬೇಕಾದುದು, ಮಗುಚಬೇಕಾದುದು, ಕೂರಬೇಕಾದುದು ಎಲ್ಲವೂ ಆ ಬಯಲಿನಲ್ಲೇ. ಹಿಂದುಳಿದ ಕೂಸುಗಳು ಕಳೆದುಹೋಗುವುದೂ ಅಲ್ಲಿಯೇ. ಸರಕಾರಕ್ಕೂ ಇದು ತಿಳಿಯದೆ ಹೋಗಲಿಲ್ಲ. ೨೦೧೧ರಿಂದ ಆಶಾ ಕಾರ್ಯಕರ್ತೆಯರು ಹೆರಿಗೆಯಾದ ಮನೆಗೆ ೪೨ ದಿನದೊಳಗೆ ಹಲವು ಸಲ ಹೋಗುವ ಏರ್ಪಾಡಾಯಿತು. ೨೦೧೮ರಲ್ಲಿ ಅದನ್ನು ಮುಂದುವರಿಸಿ, ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದು ತಿಂಗಳುಗಳಲ್ಲಿಯೂ ಮನೆಗೆ ಹೋಗಬೇಕೆಂದು ಗೊತ್ತುಮಾಡಿದರು. ಆ ಆರನೆಯ ತಿಂಗಳಿನ ಭೇಟಿ ಇದೆಯಲ್ಲ, ಅದೇ ಬಯಲಿನ ನಟ್ಟನಡುವೆ ನೆಟ್ಟ ದೀಪದ ಕಂಬ. ಆಶಾ ತಾಯಿ ನಿಮ್ಮ ಮನೆಗೆ ಬಂದಾಗ ಬಾಗಿಲಿನಲ್ಲೇ ಸಹಿ ಮಾಡಿ ಕಳುಹಿಸಬೇಡಿರಿ. ಒಳಗೆ ಕರೆದು, ಕೂಸನ್ನು ಚಾಪೆಯ ಮೇಲೆ ಬಿಟ್ಟು ತೋರಿಸಿರಿ.

ಮೊದಲೇ ತಿಳಿದರೆ ಲಾಭವೇನೆಂದು ಕೇಳುವಿರಿ. ಕಿವಿಯ ಉದಾಹರಣೆಯಿಂದ ಹೇಳುವೆನು. ಹುಟ್ಟುಕಿವುಡಾದ ಕೂಸು ಮೊದಲ ಕೆಲವು ತಿಂಗಳು ಮಿಕ್ಕ ಕೂಸುಗಳಂತೆಯೇ ಕೂಗುಟ್ಟುವುದು. ಮನೆಯವರಿಗೆ ಸಂಶಯ ಬಂದರೆ ತಟ್ಟೆ ಬಡಿದು ನೋಡುವರು. ಕೂಸು ಬಡಿಯುವ ಕೈಯ ನೆರಳನ್ನು ಕಂಡೋ ನೆಲದ ಅದುರನ್ನು ತಿಳಿದೋ ತಿರುಗುವುದು. "ಕೇಳಿಸಿತು" ಎಂದು ಸಮಾಧಾನಪಡುವರು. ಹೀಗೆ ಎರಡು ಮೂರು ವರುಷ ಕಳೆದ ಮೇಲೆ, ಮಾತು ಬಾರದಿದ್ದಾಗ ಆಸ್ಪತ್ರೆಯ ನೆನಪಾಗುವುದು. ೧೯೯೮ರಲ್ಲಿ ಅಮೆರಿಕದ ಕೊಲೊರಾಡೊ ಪ್ರಾಂತದಲ್ಲಿ ಕ್ರಿಸ್ಟೀನ್ ಯೋಶಿನಾಗಾ-ಇಟಾನೊ ಎಂಬ ವಿದುಷಿಯು ತನ್ನ ಸಂಗಡಿಗರೊಡನೆ, ಕಿವಿ ಕೇಳದ ೧೫೦ ಮಕ್ಕಳ ಭಾಷೆಯನ್ನು ಅಳೆದು ಪ್ರಕಟಿಸಿದಳು. ಆರು ತಿಂಗಳೊಳಗೆ ಕಿವುಡು ಪತ್ತೆಯಾದ ಮಕ್ಕಳ ಭಾಷೆಯು, ಅನಂತರ ಪತ್ತೆಯಾದವರದಕ್ಕಿಂತ ಬಹಳ ಮುಂದಿದ್ದಿತು. ಅದರಿಂದಲೇ ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಉಪಚಾರ ಎಂಬ ಕಟ್ಟಳೆಯು ಈಗ ಲೋಕದಲ್ಲೆಲ್ಲ ನಡೆದುಬಂದಿದೆ. ಪರೀಕ್ಷೆಯಾದರೋ ನೋವಿಲ್ಲದ್ದು, ಮಲಗಿರುವ ಕೂಸಿನ ಕಿವಿಯಲ್ಲಿ ಒಂದು ಮೆತ್ತನೆಯ ಬಿರಡೆಯನ್ನಿಟ್ಟು ಕೆಲವೇ ನಿಮಿಷಗಳಲ್ಲಿ ಮುಗಿಸುವರು. ಈ ವಿದ್ಯೆಯಲ್ಲಿ ನಮ್ಮ ನಾಡು ಹಿಂದುಳಿದಿಲ್ಲ. ಮೈಸೂರಿನಲ್ಲಿ ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ದೇಶಕ್ಕೇ ಹೆಸರಾದುದು.

ಕಣ್ಣಿನ ಮಾತನ್ನೂ ಇಲ್ಲೇ ಸೇರಿಸಿಬಿಡುವೆನು. ದಿನ ತುಂಬದೆ, ಎರಡು ಕಿಲೋಗಿಂತ ಕಡಿಮೆ ತೂಕವಾಗಿ ಹುಟ್ಟಿದ ಕೂಸಿನ ಕಣ್ಣಿನ ಒಳಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡುತನ ಬರಬಹುದು. ಮೂವತ್ತು ದಿನದೊಳಗೆ ಒಮ್ಮೆ ಕಣ್ಣನ್ನು ನೋಡಿಸಿದರೆ ತಡೆಯಬಹುದು; ಕಣ್ಣು ಹೊರಗಿನಿಂದ ಚೆನ್ನಾಗಿಯೇ ಕಾಣುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯದವರು ೨೦೦೮ರಿಂದ ಯಂತ್ರವನ್ನು ಜಿಲ್ಲೆಯ ಆಸ್ಪತ್ರೆಗಳಿಗೇ ಒಯ್ದು, ಅಲ್ಲಿಂದ ಚಿತ್ರವನ್ನು ವೈದ್ಯರಿಗೆ ರವಾನಿಸುವ ಕ್ರಮವನ್ನು ಹಾಕಿದರು. ಆ ದಿನದಂದು ಬಾಣಂತಿ ತೌರಿನಲ್ಲಿರುವಳೆಂಬ ಕಾರಣಕ್ಕೆ ಕೂಸನ್ನು ತಾರದೆ ಹೋದ ಮನೆಗಳನ್ನು ನಾನು ಬಲ್ಲೆನು.

ಕೈಕಾಲುಗಳ ವಿಷಯದಲ್ಲಿಯೂ ಈಚೆಗೆ ಹಾಗೆಯೇ ಆಗಿದೆ. ಹುಟ್ಟುವಾಗಲೋ ಅದಕ್ಕೆ ಮೊದಲೋ ಮಿದುಳಿಗೆ ಪೆಟ್ಟಾಗಿ ಅವಯವಗಳು ಬಿಗಿಯುವ ಇಲ್ಲವೆ ಸ್ವಾಧೀನ ತಪ್ಪುವ ಬೇನೆಯನ್ನು ಸೆರೆಬ್ರಲ್ ಪಾಲ್ಸಿ ಎನ್ನುವರು. ಅದನ್ನು ಒಂದರಿಂದ ಎರಡು ವರುಷದ ನಡುವೆಯಷ್ಟೇ ನಿರ್ಧರಿಸುವುದು ಹಳೆಯ ವಾಡಿಕೆ. ೨೦೧೭ರಲ್ಲಿ ಆಸ್ಟ್ರೇಲಿಯದ ಐಯೋನಾ ನೊವಾಕ್ ಎಂಬವರೂ ನಾನಾ ದೇಶಗಳ ತಜ್ಞರೂ ಕೂಡಿ, ಆರು ತಿಂಗಳೊಳಗೇ ಅದನ್ನು ಗುರುತಿಸಬಹುದೆಂದೂ, ಕಾಯುವುದು ಸಲ್ಲದೆಂದೂ ಬರೆದರು. ಎಳೆಯ ಮಿದುಳು ಹಸಿಮಣ್ಣಿನಂತೆ. ಬಳಸಿದ ದಾರಿ ಅದರಲ್ಲಿ ಗಟ್ಟಿಯಾಗುವುದು, ಬಳಸದ ದಾರಿ ಮುಚ್ಚಿಹೋಗುವುದು. ಬಲಗೈಯನ್ನು ಬಳಸದ ಕೂಸಿಗೆ ದಿನದಿನಕ್ಕೆ ಬಲಗೈಯೇ ಮರೆಯುತ್ತ ಬರುವುದು.

ಇನ್ನು, ದಾದಿಯ ಕಣ್ಣು ತಪ್ಪಿಸಿಕೊಂಡು ಹೋಗುವ ಎರಡು ಬೇನೆಗಳನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಒಂದು, ಬೆಚ್ಚುವುದು. ನಾಲ್ಕು ಆರು ತಿಂಗಳ ಕೂಸು ನಿದ್ದೆಯಿಂದೆದ್ದೊಡನೆ ತಲೆಯನ್ನು ಬಗ್ಗಿಸಿ ಕೈಗಳನ್ನು ಮುಂದಕ್ಕೆ ಎಸೆಯುವುದು, ಒಂದು ಕ್ಷಣ ಬಿಟ್ಟು ಮತ್ತೆ ಹಾಗೆಯೇ, ಹೀಗೆ ಐದು ಹತ್ತು ಸಲ ಸರಪಳಿಯಂತೆ ಮಾಡುವುದು. ಅಜ್ಜಿ "ಕೂಸು ಬೆಚ್ಚಿದೆ" ಎಂದು ದೃಷ್ಟಿ ನಿವಾಳಿಸುವಳು. ಇನ್ನೊಬ್ಬರು ಹೊಟ್ಟೆನೋವೆಂದು ಓಮದ ನೀರು ಕುಡಿಸುವರು. ಅದು ಬೆಚ್ಚುವುದಲ್ಲ, ಹೊಟ್ಟೆನೋವಲ್ಲ. ಎಳೆಗೂಸುಗಳ ಒಂದು ಬಗೆಯ ಸೆಳವು. ನಗುತ್ತಿದ್ದ ಕೂಸು ಅದು ಬಂದ ಮೇಲೆ ನಗುವುದನ್ನು ಬಿಡುವುದು. ಇದಕ್ಕೆ ಔಷಧವುಂಟು, ವಾರಗಳು ಕಳೆದಂತೆ ಔಷಧದ ಫಲ ಕುಗ್ಗುವುದು. ಈಗ ಎಲ್ಲರ ಕೈಯಲ್ಲಿ ಮೊಬೈಲ್ ಇದೆ. ಕೂಸು ಹಾಗೆ ಮಾಡುವಾಗ ಚಿತ್ರವನ್ನು ಹಿಡಿದುಕೊಂಡು ಅದೇ ದಿನ ಮಕ್ಕಳ ವೈದ್ಯರ ಬಳಿಗೆ ಹೋಗಬೇಕು. ಆಸ್ಪತ್ರೆಯಲ್ಲಿ ಕೂಸು ಹಾಗೆ ಮಾಡದಿರಬಹುದು, ಚಿತ್ರವು ಮಾತನಾಡುವುದು.

ಎರಡನೆಯದು ನಮ್ಮ ಸಮಾಜಕ್ಕೆ ಹತ್ತಿರದ ವಿಷಯ. ಆದುದರಿಂದ ಯಾರೂ ಅನ್ಯಥಾ ಭಾವಿಸಬಾರದು. ನಾವು ಸಸ್ಯಾಹಾರಿಗಳು. ಅದರಲ್ಲಿ ದೋಷವೇನೂ ಇಲ್ಲ. ಆದರೆ ಬಿ-೧೨ ಎಂಬ ಜೀವಸತ್ತ್ವವು ಕಾಳು, ಸೊಪ್ಪು, ರೊಟ್ಟಿಗಳಲ್ಲಿ ದೊರೆಯುವುದಿಲ್ಲ. ಸಸ್ಯಾಹಾರಿಗಳಿಗೆ ಅದು ಸಿಕ್ಕುವುದು ಹಾಲು, ಮೊಸರು, ಮಜ್ಜಿಗೆಗಳಿಂದ. ಬಡಮನೆಯ ಸೊಸೆಗೆ ಹಾಲು ಎಲ್ಲಿ? ಕರೆದ ಹಾಲು ಡೈರಿಗೆ ಹೋಗುವುದು. ಉಳಿದುದು ಗಂಡಸರ ಚಹಕ್ಕೆ. ಇದರ ಮೇಲೆ ಬಾಣಂತನದ ಪಥ್ಯ ಬೇರೆ, ಮೊಸರು ಶೀತವೆಂದು ನಿಷೇಧ. ಹೀಗೆ ತಾಯಿಯ ಮೈಯಲ್ಲಿಯೇ ಇಲ್ಲದ ಸತ್ತ್ವವು ಎದೆಹಾಲಿಗೆ ಬರುವುದಿಲ್ಲ. ಆರು ತಿಂಗಳ ತನಕ ಚೆನ್ನಾಗಿಯೇ ಇದ್ದ ಕೂಸು, ಮೇಲೂಟವನ್ನೂ ಹಾಕದೆ ಬರಿಯ ಎದೆಹಾಲಿನಲ್ಲೇ ಇಟ್ಟಿದ್ದರೆ, ಬರಬರುತ್ತ ಬಿಳಿಚಿಕೊಳ್ಳುವುದು, ನಗುವುದನ್ನು ನಿಲ್ಲಿಸುವುದು, ಕೂರುತ್ತಿದ್ದುದು ಕೂರಲಾರದಾಗುವುದು, ಬೆರಳ ಗಿಣ್ಣುಗಳು ಕಪ್ಪಾಗುವುವು, ಕೂದಲು ಕೆಂಚಾಗಿ ವಿರಳವಾಗುವುದು, ಕೆಲವು ಕೂಸುಗಳಿಗೆ ಕೈ, ತಲೆ, ನಾಲಿಗೆಗಳು ನಡುಗುವುದೂ ಉಂಟು. ಗುಂಡಗಿರುವುದರಿಂದ ಊಟ ಕಡಿಮೆಯೆಂದು ಯಾರಿಗೂ ತೋರುವುದಿಲ್ಲ. "ಬಲು ಸಾಧು ಕೂಸು, ಅಳುವುದೇ ಇಲ್ಲ" ಎಂದು ಹೊಗಳುವರು. ಅಳದ ಕೂಸನ್ನು ಕಂಡರೆ ದಾದಿಗೆ ಭಯವಾಗಬೇಕು. ಇದು ಗೊತ್ತಾದರೆ ಉಪಾಯ ಸುಲಭ: ಅಗ್ಗದ ಬೆಲೆಯ ಬಿ-೧೨ ಸೂಜಿ, ವೈದ್ಯರು ಹೇಳಿದ ಪ್ರಮಾಣದಲ್ಲಿ. ಕೆಲವೇ ದಿನಗಳಲ್ಲಿ ಕೂಸು ಮತ್ತೆ ಮುಖ ನೋಡಿ ನಗುವುದನ್ನು ಕಂಡಿರುವೆನು. ನನ್ನ ಚಾಕರಿಯಲ್ಲಿ ಅಷ್ಟು ಸಂತೋಷ ಕೊಟ್ಟ ಸೂಜಿ ಮತ್ತೊಂದಿಲ್ಲ. ತಡವಾದರೆ ನಗು ಬಂದರೂ ಬುದ್ಧಿಯ ಕುಂದು ಉಳಿದುಬಿಡಬಹುದು. ಬಸುರಿಗೂ ಬಾಣಂತಿಗೂ ದಿನಕ್ಕೆರಡು ಲೋಟ ಹಾಲನ್ನೋ ಮೊಸರು ಮಜ್ಜಿಗೆಗಳನ್ನೋ ತಪ್ಪದೆ ಕೊಡುವುದು, ವೈದ್ಯರು ಬರೆದರೆ ಬಿ-೧೨ ಗುಳಿಗೆಯನ್ನು ಕೊಡುವುದು, ಆರು ತಿಂಗಳಿಗೆ ಸರಿಯಾಗಿ ಕೂಸಿಗೆ ಅನ್ನ ಮುಟ್ಟಿಸುವುದು, ಇವು ಅತ್ತೆಯರ ಕೈಯಲ್ಲಿರುವ ಕೆಲಸಗಳು. ಈ ಸಭೆಯಲ್ಲಿ ಅತ್ತೆಯರೇ ಹೆಚ್ಚಾಗಿರುವುದರಿಂದ ಇಷ್ಟು ಹೇಳಿದೆನು.

ಈಗ ಉಪಚಾರದ ಮಾತು. ಇದನ್ನು ಕೇಳಿದವರು ಆಸ್ಪತ್ರೆಯಲ್ಲಿ ಯಂತ್ರಗಳಿಂದ ಏನೋ ಮಾಡುವರೆಂದು ತಿಳಿಯುವರು. ತಿಂಗಳಿಗೊಮ್ಮೆ ಫಿಜಿಯೋಥೆರಪಿಯ ತಜ್ಞರು ಮುಕ್ಕಾಲು ಗಂಟೆ ಕೂಸಿನ ಕೈಕಾಲಾಡಿಸಿದರೆ ಆಗುವುದೆಷ್ಟು? ಅದೇ ಕೂಸನ್ನು ತಾಯಿಯಾದವಳು ದಿನವೊಂದಕ್ಕೆ ಎಷ್ಟು ಸಲ ಎತ್ತುವಳು, ಇಳಿಸುವಳು, ಉಣಿಸುವಳು, ಬಟ್ಟೆ ಬದಲಿಸುವಳು! ಈ ಒಂದೊಂದು ಕೆಲಸವನ್ನೂ ಉಪಚಾರವನ್ನಾಗಿ ಮಾಡಿಕೊಡುವುದೇ ದಾದಿಯ ವಿದ್ಯೆ. ಆದುದರಿಂದ ಕಿರಿಯ ದಾದಿಯರಿಗೆ ನಾನು ಹೇಳುತ್ತಿದ್ದುದಿಷ್ಟೆ: ಮನೆಗೆ ಹೋದಾಗ ನಿಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿರಿ, ತಾಯಿಯ ಕೈ ಮಾಡಲಿ. ನಾವು ಮಾಡಿ ತೋರಿಸಿದರೆ ಆಕೆ "ಅಕ್ಕನಿಗೆ ಬರುವುದು, ನನಗೆ ಬಾರದು" ಎಂದುಕೊಳ್ಳುವಳು. ತಾನೇ ಮಾಡಿ, ಕೂಸು ಸಡಿಲವಾದುದನ್ನು ತನ್ನ ಬೆರಳಿನಲ್ಲಿಯೇ ತಿಳಿದರೆ ಮತ್ತೆ ಮರೆಯುವುದಿಲ್ಲ.

ನಮ್ಮ ಅಜ್ಜಿಯರು ಕಾಲು ಚಾಚಿ ಕುಳಿತು, ಕಾಲಿನ ಮೇಲೆ ಕೂಸನ್ನು ಮಲಗಿಸಿ ಎಣ್ಣೆ ಹಚ್ಚಿ ನೀರೆರೆಯುವ ಪದ್ಧತಿಯುಂಟಷ್ಟೆ. ಬಿಗಿದ ಕೂಸಿಗೆ ಇದಕ್ಕಿಂತ ಒಳ್ಳೆಯ ಆಸನವಿಲ್ಲ. ಆದರೆ ಎಳೆದು, ಜಗ್ಗಿ, ಕಾಲು ಹಿಡಿದು ತಲೆಕೆಳಗು ಮಾಡುವುದು ಕೂಡದು. ಬೆಚ್ಚಗಿನ ನೀರು, ಮೆಲ್ಲನೆಯ ಕೈ. ಮಂಡಿಯನ್ನು ಮಡಿಸಿ ತೊಡೆಗಳನ್ನು ಅಗಲಿಸಿದರೆ ಬಿಗಿತ ತಾನಾಗಿ ಇಳಿಯುವುದು. ಸೊಂಟದ ಮೇಲೆ ಕಾಲಗಲಿಸಿ ಕೂರಿಸಿಕೊಳ್ಳುವ ನಮ್ಮ ವಾಡಿಕೆಯೂ, ಕತ್ತರಿಯಂತೆ ಕಾಲು ಹೆಣೆಯುವ ಕೂಸಿಗೆ ಔಷಧವೇ ಸರಿ. ದಿನವಿಡೀ ಜೋಳಿಗೆಯ ತೊಟ್ಟಿಲಲ್ಲಿಡುವುದು ಮಾತ್ರ ಒಳ್ಳೆಯದಲ್ಲ. ಅದರೊಳಗೆ ಕೂಸು ಮುದುರಿಕೊಂಡು, ಕೈಯನ್ನೂ ಕಣ್ಣನ್ನೂ ಬಳಸಲಾರದೆ ಹೋಗುವುದು. ಎಚ್ಚರವಿರುವಾಗ ಚಾಪೆಯ ಮೇಲಾಗಲಿ ತಾಯಿಯ ಎದೆಯ ಮೇಲಾಗಲಿ ಬೋರಲಾಗಿ ಬಿಡಬೇಕು. ಪೇಟೆಯಿಂದ ತರುವ ಚಕ್ರದ ವಾಕರಿನಿಂದ ಕೂಸು ಬೇಗ ನಡೆಯುವುದೆಂಬುದು ಸುಳ್ಳು. ಆ ಹಣಕ್ಕೆ ಹಾಲು ಕೊಳ್ಳಿರಿ.

ಉಣಿಸುವುದರಲ್ಲಿ ಅಪಾಯವೂ ಇದೆ. ಒಳಲೆಯಲ್ಲಿ ಹಾಲು ಹಾಕುವಾಗ ಕೂಸನ್ನು ಅಂಗಾತ ಮಲಗಿಸಿ, ಮೂಗು ಹಿಡಿದು, ಗಂಟಲಿಗೆ ಸುರಿಯುವವರಿದ್ದಾರೆ. ಗಟ್ಟಿಮುಟ್ಟಾದ ಕೂಸು ಹೇಗೋ ತಡೆದುಕೊಳ್ಳುವುದು. ನುಂಗುವ ಶಕ್ತಿ ಕುಂದಿದ ಕೂಸಿಗೆ ಹಾಲು ಶ್ವಾಸಕೋಶಕ್ಕಿಳಿದು ಪ್ರಾಣಕ್ಕೆ ಬರುವುದು. ತಲೆ ಬೆನ್ನುಗಳನ್ನು ಎತ್ತಿ, ಗದ್ದವನ್ನು ತುಸು ಬಗ್ಗಿಸಿ, ಒಳಲೆಯ ತುದಿಯನ್ನು ಕೆಳತುಟಿಗೆ ಮುಟ್ಟಿಸಿ, ಒಂದು ಗುಟುಕು ನುಂಗಿದ ಮೇಲೆಯೇ ಇನ್ನೊಂದನ್ನು ಕೊಡಬೇಕು. ಇದಕ್ಕೆ ಹೊತ್ತು ಹಿಡಿಯುವುದು. ಆ ಹೊತ್ತಿನಲ್ಲಿ ಒಂದು ಗೇಣಿನ ದೂರದಲ್ಲಿ ಕೂಸಿನ ಮುಖಕ್ಕೆ ನಮ್ಮ ಮುಖವನ್ನಿಟ್ಟು ಮಾತನಾಡಿದರೆ, ಊಟದ ಜೊತೆಗೆ ನೋಟವೂ ಮಾತೂ ಬಡಿಸಿದಂತಾಗುವುದು.

ಮನೆಯ ಮಾತಿಗೂ ಆಟಕ್ಕೂ ಅಷ್ಟು ಬಲವಿದೆಯೇ ಎಂದು ಸಂಶಯಪಡುವವರಿಗೆ ದೂರದೇಶದ ಒಂದು ನಿದರ್ಶನವನ್ನು ಕೊಡುವೆನು. ಜಮೈಕ ದ್ವೀಪದ ಕಿಂಗ್ಸ್‌ಟನ್ ನಗರದಲ್ಲಿ ೧೯೮೬-೮೭ರಲ್ಲಿ, ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆಯು, ಒಂಬತ್ತರಿಂದ ಇಪ್ಪತ್ತನಾಲ್ಕು ತಿಂಗಳ, ಅರೆಹೊಟ್ಟೆಯಿಂದ ಕುಳ್ಳಾದ ೧೨೯ ಮಕ್ಕಳನ್ನು ತೆಗೆದುಕೊಂಡು, ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಸಹಾಯಕಿಯರು ವಾರಕ್ಕೊಂದು ಗಂಟೆ ಹೋಗುವಂತೆ ಏರ್ಪಡಿಸಿದಳು. ಅವರು ಕೊಂಡುಹೋದ ಆಟಿಕೆಗಳು ಬಿಸಾಡಿದ ಸೀಸೆ ಪೆಟ್ಟಿಗೆಗಳಿಂದ ಮಾಡಿದವು, ಆಡಿಸಿದವರು ತಾಯಂದಿರು. ಎರಡು ವರುಷ ಹೀಗೆ ನಡೆಯಿತು. ಆ ಮಕ್ಕಳು ಇಪ್ಪತ್ತೆರಡು ವರುಷದವರಾದಾಗ ಅವರ ಸಂಪಾದನೆಯು, ಭೇಟಿ ದೊರೆಯದ ಅಂತಹವೇ ಮಕ್ಕಳ ಸಂಪಾದನೆಗಿಂತ ನೂರಕ್ಕೆ ೨೫ರಷ್ಟು ಹೆಚ್ಚಾಗಿತ್ತೆಂದು ೨೦೧೪ರಲ್ಲಿ ಪ್ರಕಟವಾಯಿತು. ಒಡಿಶಾದ ಕಟಕ್ ನಗರದ ಕೊಳೆಗೇರಿಗಳಲ್ಲಿಯೂ ಇದೇ ಕ್ರಮವನ್ನು ಪ್ರಯೋಗಿಸಿ ಮಕ್ಕಳ ಬುದ್ಧಿ ಚುರುಕಾದುದನ್ನು ಕಂಡರು. ಅವರು ಬಡತನದಿಂದ ಹಿಂದುಳಿದ ಮಕ್ಕಳು, ಮಿದುಳಿಗೆ ಪೆಟ್ಟಾದವರಲ್ಲ. ಆ ಭೇದವನ್ನು ಮರೆಯಲಾಗದು. ಆದರೂ ಮನೆಗೆ ಹೋಗುವ ಹೆಂಗಸೊಬ್ಬಳ ಒಂದು ಗಂಟೆಗೆ ಎಷ್ಟು ಬೆಲೆಯೆಂಬುದನ್ನು ಅದು ತೋರಿಸುವುದು.

ಮನೆಗೆ ಹೋದಾಗ ದಾದಿಗೆ ಎದುರಾಗುವ ದೊಡ್ಡ ತೊಡಕು ಕೂಸಿನ ಬೇನೆಯಲ್ಲ, ಮನೆಯವರ ಮಾತು. "ಇವರಪ್ಪನೂ ತಡವಾಗಿಯೇ ಮಾತನಾಡಿದ್ದು" ಎಂಬುದು ಒಂದು. ಕೆಲವು ಸಲ ಅದು ನಿಜವೂ ಆಗಿರಬಹುದು. ಆದರೆ ಪರೀಕ್ಷೆ ಮಾಡಿಸಿ ನಿಜವಾಗಲಿ. ಹೊಟ್ಟೆಯ ಮೇಲೆ ಬರೆ ಹಾಕಿಸುವುದು ಇನ್ನೊಂದು. ಸುಟ್ಟ ಗಾಯದೊಡನೆ ತಂದ ಕೂಸುಗಳಿಗೆ ನಾನೇ ಮುಲಾಮು ಹಚ್ಚಿರುವೆನು. ಬರೆಯಿಂದ ಕತ್ತು ನಿಂತ ಕೂಸನ್ನು ಒಂದನ್ನೂ ಕಾಣೆನು. ಎಲ್ಲಕ್ಕಿಂತ ಕಠಿಣವಾದುದು ತಾಯಿಯ ಮೇಲೆ ಹೊರಿಸುವ ಅಪರಾಧ. ಗ್ರಹಣದಲ್ಲಿ ಹೊರಗೆ ಬಂದಳು, ಯಾವ ಜನ್ಮದ ಪಾಪವೋ, ಎಂದು ಕೂಸಿನೆದುರಿಗೇ ಆಡುವರು. ಎಳೆಗೂಸಿನ ಕೊರಳಿಗೆ ಲಿಂಗವನ್ನು ಕಟ್ಟುವಾಗ, ಇದು ಬೇಗ ನಡೆಯುವುದೇ, ಮಾತನಾಡುವುದೇ ಎಂದು ನಾವು ಕೇಳುವುದಿಲ್ಲ. ಅಲ್ಲಿ ಕೇಳದ ಪ್ರಶ್ನೆಯನ್ನು ಅಡುಗೆಮನೆಯಲ್ಲಿ ಕೇಳುವುದೇಕೆ? ಸೋದರಮಾವನಿಗೂ ಸೊಸೆಗೂ ಮದುವೆ ಮಾಡುವ ನಮ್ಮ ಕಡೆಯ ರೂಢಿಯಿಂದ ಕೆಲವು ವಂಶಪಾರಂಪರ್ಯದ ಬೇನೆಗಳು, ಮುಖ್ಯವಾಗಿ ಕಿವುಡು, ಹೆಚ್ಚುವುದೆಂಬುದು ಮಾತ್ರ ನಿಜ. ಆದರೆ ಆ ಮದುವೆಯನ್ನು ಗೊತ್ತುಮಾಡಿದವಳು ಆ ಹದಿನೆಂಟರ ಹುಡುಗಿಯಲ್ಲ.

ಸುಳ್ಳು ಭರವಸೆಯನ್ನೂ ದಾದಿ ಕೊಡಬಾರದು. ಸಕಾಲದ ಉಪಚಾರವೆಂದರೆ ಸರ್ವರೋಗ ನಿವಾರಣೆಯಲ್ಲ. ಡೌನ್ ಲಕ್ಷಣದ ಕೂಸು ಎಷ್ಟು ಆಡಿಸಿದರೂ ಆ ಲಕ್ಷಣದಿಂದ ಹೊರಗೆ ಬಾರದು. ಆದರೆ ಅದರ ಹೃದಯವನ್ನೂ ಕಿವಿಯನ್ನೂ ಥೈರಾಯಿಡ್ ಗ್ರಂಥಿಯನ್ನೂ ಮೊದಲೇ ನೋಡಿಸಿ, ದಿನವೂ ಕಲಿಸಿದರೆ, ತಾನೇ ಉಂಡು, ಉಟ್ಟು, ಶಾಲೆಗೆ ಹೋಗಿ, ಮನೆಯ ಕೆಲಸಕ್ಕೆ ಕೈಜೋಡಿಸುವ ಮಗುವಾಗುವುದು. ಬಿಗಿದ ಕಾಲು ಪೂರ್ತಿ ಸಡಿಲವಾಗದಿರಬಹುದು. ಕೀಲು ಮುರುಟದಂತೆ ತಡೆಯಬಹುದು. "ಗುಣವಾಗುವುದೇ?" ಎಂದು ತಾಯಿ ಕೇಳಿದಾಗ, "ಇಂದಿಗಿಂತ ಮುಂದಾಗುವುದು, ಎಷ್ಟೆಂದು ಈಗ ಹೇಳಲಾರೆನು" ಎಂದು ನಾನು ಹೇಳುತ್ತಿದ್ದೆನು. ಅದನ್ನು ಕೇಳಿ ಅತ್ತವರೂ ಉಂಟು.

ಸರಕಾರದ ಏರ್ಪಾಡುಗಳನ್ನು ಬೇಗ ಹೇಳಿ ಮುಗಿಸುವೆನು. ೨೦೧೩ರ ಫೆಬ್ರವರಿಯಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೇರೆಗೆ, ವೈದ್ಯರೂ ದಾದಿಯೂ ಉಳ್ಳ ತಂಡವು ಅಂಗನವಾಡಿಯ ಮಕ್ಕಳನ್ನು ವರುಷಕ್ಕೆರಡು ಸಲ ನೋಡಬೇಕು; ಕೊರತೆ ಕಂಡ ಕೂಸನ್ನು ಜಿಲ್ಲಾಸ್ಪತ್ರೆಯಲ್ಲಿರುವ ಡಿ.ಇ.ಐ.ಸಿ. ಎಂಬ ಕೇಂದ್ರಕ್ಕೆ ಕಳುಹಿಸಬೇಕು. ಅಲ್ಲಿ ಚಿಕಿತ್ಸೆಗೆ ಹಣವಿಲ್ಲ. ಆದರೆ ಬಸ್ಸಿನ ಹಣ, ಒಂದು ದಿನದ ಕೂಲಿ, ಮನೆಯಲ್ಲುಳಿದ ಮತ್ತೊಂದು ಮಗು, ಇವನ್ನು ಚೀಟಿ ಬರೆಯುವವರು ಎಣಿಸುವುದಿಲ್ಲ. ಚೀಟಿ ಕೊಟ್ಟು ಕಳುಹಿಸಿದ ತಾಯಿ ನಿಜವಾಗಿ ಹೋದಳೇ ಎಂದು ಮುಂದಿನ ವಾರ ಮನೆಗೆ ಹೋಗಿ ಕೇಳುವವಳು ದಾದಿ. ಇನ್ನು ಪರೀಕ್ಷೆಗೆ ದೊಡ್ಡ ಉಪಕರಣ ಬೇಕೆಂಬುದೂ ಇಲ್ಲ. ತಿರುವನಂತಪುರದ ಡಾಕ್ಟರ್ ಎಂ.ಕೆ.ಸಿ. ನಾಯರ್ ಅವರೂ ಸಂಗಡಿಗರೂ ೧೯೯೧ರಲ್ಲಿ ಪ್ರಕಟಿಸಿದ ಒಂದು ಪಟವಿದೆ. ಎರಡು ವರುಷದೊಳಗಿನ ಕೂಸು ಮಾಡತಕ್ಕ ೧೭ ಕೆಲಸಗಳನ್ನು ಅದರಲ್ಲಿ ಗೆರೆಗಳಾಗಿ ಎಳೆದಿರುವರು. ಕೂಸಿನ ವಯಸ್ಸಿನ ಮೇಲೆ ಒಂದು ಪೆನ್ಸಿಲನ್ನು ನೆಟ್ಟಗೆ ಇಟ್ಟು, ಅದರ ಎಡಕ್ಕೆ ಬಿದ್ದ ಕೆಲಸಗಳಲ್ಲಿ ಯಾವುದನ್ನಾದರೂ ಕೂಸು ಮಾಡದಿದ್ದರೆ ಹಿಂದುಳಿದಿದೆಯೆಂದು ತಿಳಿಯುವುದು. ಬೇಕಾದ ಸಾಮಗ್ರಿ ಒಂದು ಪೆನ್ನು, ಒಂದು ಬೀಗದ ಕೈಗೊಂಚಲು.

ಆ ಬಲಗೈಯ ಕೂಸಿನ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆನು. ಒಂಬತ್ತು ತಿಂಗಳಿಗೆ ಅದನ್ನು ಜಿಲ್ಲೆಯ ಊರಿಗೆ ನಾನೇ ಕರೆದುಕೊಂಡು ಹೋದೆನು. ಅಲ್ಲಿ ಹೇಳಿಕೊಟ್ಟಂತೆ ತಾಯಿಯು ದಿನಕ್ಕೆ ಅರ್ಧ ಗಂಟೆ ಒಳ್ಳೆಯ ಕೈಗೆ ಮೆತ್ತನೆಯ ಬಟ್ಟೆಯ ಚೀಲವನ್ನು ತೊಡಿಸಿ, ಬಲಗೈಯ ಹತ್ತಿರ ಬಳೆ, ಚಮಚ, ಬೆಲ್ಲದ ತುಣುಕುಗಳನ್ನಿಟ್ಟು ಆಡಿಸಿದಳು. ಎರಡು ಕೈಯಿಲ್ಲದೆ ಏಳದ ಹಿತ್ತಾಳೆಯ ಬೋಗುಣಿಯೊಂದನ್ನು ಅದಕ್ಕೆ ಆಟಿಕೆಯಾಗಿ ಕೊಟ್ಟಳು; ಅದು ಅವಳೇ ಕಂಡುಕೊಂಡ ಉಪಾಯ, ಯಾವ ತಜ್ಞರೂ ಹೇಳಿದ್ದಲ್ಲ. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆನು. ಆ ಹುಡುಗಿ ಈಗ ಓದು ಮುಗಿಸಿ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವಳು. ಎಡಗೈ ಬರೆಯುವುದು, ಬಲಗೈ ಕಾಗದವನ್ನು ಒತ್ತಿಹಿಡಿಯುವುದು, ಬೆರಳು ಪೂರ್ತಿ ಬಿಚ್ಚದು. ಐದೂವರೆ ತಿಂಗಳು ಮೊದಲೇ ಆರಂಭಿಸಿದ್ದರೆ ಆ ಬೆರಳುಗಳು ಇನ್ನೆಷ್ಟು ಬಿಚ್ಚುತ್ತಿದ್ದುವೋ ಯಾವ ವೈದ್ಯರೂ ಹೇಳಲಾರರು. ಅವಳು ಕಾಗದವನ್ನು ಒತ್ತಿಹಿಡಿದುದನ್ನು ಕಂಡಾಗಲೆಲ್ಲ ನಾನು ಲೆಕ್ಕ ಹಾಕುವೆನು.

ಕೊನೆಯದಾಗಿ ಒಂದು ಪ್ರಕಟಣೆ. ನಾಳೆ ಪ್ರಸಾದವಾದ ಮೇಲೆ ಪಾಠಶಾಲೆಯ ಪಡಸಾಲೆಯಲ್ಲಿ ನಾನೂ ಇನ್ನಿಬ್ಬರು ದಾದಿಯರೂ ಸಂಜೆಯವರೆಗೆ ಕುಳಿತಿರುವೆವು. ಎರಡು ವರುಷದೊಳಗಿನ ಕೂಸುಗಳುಳ್ಳವರು ಕರೆತರಬಹುದು. ತಾಯಿ ಕಾರ್ಡನ್ನು ಮರೆಯದೆ ತನ್ನಿರಿ. ಹುಟ್ಟಿದ ದಿನವೂ ತೂಕವೂ ಅದರಲ್ಲಿರುವುದು. ಕೂಸು ನಿದ್ದೆಮಾಡಿ ಎದ್ದು, ಹಾಲು ಕುಡಿದಾದ ಮೇಲೆ ತಂದರೆ ಅನುಕೂಲ. ಹಸಿದು ಅಳುವ ಕೂಸಿನ ಕತ್ತನ್ನೂ ಕೈಯನ್ನೂ ಪರೀಕ್ಷಿಸುವುದು ಕಷ್ಟ. ಮನೆಯಲ್ಲಿ ಯಾರಿಗಾದರೂ ಏನಾದರೂ ಸಂಶಯವಿದ್ದರೆ, ಅದು ಎಷ್ಟೇ ಚಿಕ್ಕದಾಗಿ ತೋರಿದರೂ, ಸಾಲಿನ ಹಿಂದಿನವರಿಗೆ ಹೊತ್ತಾಗುವುದೆಂದು ಅಂಜದೆ ಹೇಳಿರಿ. ನಾಳೆ ನನಗೆ ಅವಸರವಿಲ್ಲ.